ಕೊಳ್ಳುವ ಮನೆ, ಮಾರುವ ಮನೆ

ಧಾರವಾಡದ ಮಾಳಮಡ್ಡಿಯಲ್ಲಿ ಮೂರು ತಲೆಮಾರು ಬಾಳಿದ ಹಂಚಿನ ಮನೆಯೊಂದು 2025ರ ಬೇಸಿಗೆಯಲ್ಲಿ ಮಾರಾಟವಾಯಿತು. ಅಣ್ಣತಮ್ಮಂದಿರಲ್ಲಿ ಪಾಲು ಮುಗಿದ ಮೇಲೆ ಆ ಮನೆಯ ಕಿರಿಯ ಮಗ ಹಿತ್ತಲಿನ ಪೇರಲಗಿಡವನ್ನು ಒಮ್ಮೆ ಕೈಯಿಂದ ಸವರಿ, ತಾಯಿ, ಹೆಂಡತಿ, ಮಗಳೊಡನೆ ಬೆಂಗಳೂರಿನ ರೈಲು ಹತ್ತಿದರು. ವಿಮಾ ಕಚೇರಿಯ ಕೆಲಸ, ವಯಸ್ಸು ನಲವತ್ತೊಂಬತ್ತು, ನಿವೃತ್ತಿಗೆ ಇನ್ನು ಹನ್ನೊಂದು ವರ್ಷ. ಆಮೇಲೆ ಧಾರವಾಡಕ್ಕೇ ಮರಳಬೇಕೆಂಬುದು ಮನೆಯವರೆಲ್ಲರ ಬಯಕೆ. ಆದ್ದರಿಂದ ಬೆಂಗಳೂರಿನಲ್ಲಿ ಕೊಳ್ಳುವ ಮನೆ ಕಡೆಯವರೆಗೆ ಬಾಳುವ ಮನೆಯಲ್ಲ, ಹನ್ನೊಂದು ವರ್ಷದ ಅನಂತರ ಮಾರಬೇಕಾದ ಮನೆ. ಅಂದು ಅದು ಮಾರಾಟವಾಗದಿದ್ದರೆ, ಅಥವಾ ಅರ್ಧ ಬೆಲೆಗೆ ಹೋದರೆ, ಧಾರವಾಡದ ದಾರಿ ಮುಚ್ಚಿದಂತೆಯೇ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಎಪ್ಪತ್ತೆಂಟರ ತಾಯಿ. ಬಾಡಿಗೆ ಮನೆಯ ಮೊದಲ ರಾತ್ರಿ, ಕಟ್ಟುಬಿಚ್ಚದ ಗಂಟುಗಳ ನಡುವೆ ಊಟಕ್ಕೆ ಕುಳಿತಾಗ, “ಮನಿ ತಗೋಳ್ಳಿಕ್ಕೆ ಎಲ್ಲಾರೂ ಬುದ್ಧಿ ಹೇಳ್ತಾರ. ನಾಳೆ ಮಾರೋದಾದ್ರ ಯಾರು ತಗೋತಾರ ಅಂತ ಒಬ್ಬರೂ ಹೇಳಂಗಿಲ್ಲಲ್ಲೊ ತಮ್ಮಾ” ಎಂದರು. ಮಗ ನಕ್ಕರು, ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮುಂದಿನ ಭಾನುವಾರದಿಂದ ಬೆಂಗಳೂರಿನ ಹೊರವಲಯದ ಪ್ರದಕ್ಷಿಣೆ ಆರಂಭವಾಯಿತು.

ಊರು ಇಕ್ಕಟ್ಟಾದಾಗ ಜನ ಹೊರಗೆ ಹೋಗಿ ನೆಲಸುವುದು ಬೆಂಗಳೂರಿಗೆ ಹೊಸದಲ್ಲ. 1898ರ ಪ್ಲೇಗು ಹಳೆಯ ಪೇಟೆಯನ್ನು ಕಾಡಿದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ‘ಅಷ್ಟು ದೂರ ಯಾರು ಹೋಗಿ ಇರುತ್ತಾರೆ’ ಎಂದು ಆಗ ಮೂಗು ಮುರಿದವರ ಮೊಮ್ಮಕ್ಕಳು ಇಂದು ಅಲ್ಲಿನ ಒಂದು ನಿವೇಶನದ ಬೆಲೆ ಕೇಳಿ ಬೆವರುತ್ತಾರೆ. ಈ ಹಳೆಯ ಬಡಾವಣೆಗಳು ತಮ್ಮ ಬೆಲೆಯನ್ನು ಕಳೆದುಕೊಳ್ಳದಿರುವುದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ಬೀದಿಗಳು ನೇರವಾಗಿವೆ, ಮಳೆಯ ನೀರಿಗೆ ದಾರಿಯಿದೆ, ನಲ್ಲಿಯಲ್ಲಿ ಕಾವೇರಿ ಬರುತ್ತಾಳೆ, ಕಾಗದಪತ್ರಗಳಲ್ಲಿ ತಕರಾರಿಲ್ಲ, ನಡೆದು ಹೋಗುವಷ್ಟು ದೂರದಲ್ಲಿ ತರಕಾರಿಯೂ ದೇವಸ್ಥಾನವೂ ವೈದ್ಯರೂ ಇದ್ದಾರೆ. ಆದರೆ ಮಾಳಮಡ್ಡಿಯ ಮೂರರಲ್ಲೊಂದು ಪಾಲು ಜಯನಗರದ ಒಂದು ಕೊಠಡಿಯನ್ನೂ ಕೊಳ್ಳಲಾರದು. ಆ ಗುಣಗಳು ಇನ್ನೆಲ್ಲಿ ಸಿಕ್ಕಾವು ಎಂಬುದೇ ಹುಡುಕಾಟವಾಯಿತು.

ಮೊದಲ ಭಾನುವಾರ ಪೂರ್ವಕ್ಕೆ. ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಹೆಚ್ಚು ಉದ್ದ ಹಾದುಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಅದು ಪೂರ್ಣವಾಯಿತು. ವೈಟ್‌ಫೀಲ್ಡ್ ಹೆಸರಿನ ಹಿಂದೆ ಒಂದು ಕತೆಯುಂಟು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ನೆಲೆಗಾಗಿ ಇಲ್ಲಿ ಭೂಮಿ ಕೊಟ್ಟರು. ಅವರ ಸಂಘದ ಡಿ.ಎಸ್. ವೈಟ್ ಅವರಿಂದ ಊರಿಗೆ ಈ ಹೆಸರು ಬಂತು. ದುಂಡಗಿನ ಬೀದಿಯ ಸುತ್ತ ಹಂಚಿನ ಬಂಗಲೆಗಳು, ಹಿಂದೆ ಹಣ್ಣಿನ ತೋಟಗಳು. ಒಂದು ಶತಮಾನ ಕಾಲ ಮಲಗಿದ್ದ ಆ ಊರು 1990ರ ದಶಕದ ಕೊನೆಗೆ ತಂತ್ರಜ್ಞಾನ ಪಾರ್ಕಿನ ಜೊತೆಗೆ ಎಚ್ಚತ್ತಿತು. ಈಗ ಅಲ್ಲಿ ನಿಂತು ನೋಡಿದರೆ ಗಾಜಿನ ಗೋಪುರಗಳ ನಡುವೆ ಆಕಾಶವನ್ನು ಹುಡುಕಬೇಕು.

ವೈಟ್‌ಫೀಲ್ಡಿನಲ್ಲಿ ಮನೆಗೆ ಗಿರಾಕಿಗಳ ಕೊರತೆಯಿಲ್ಲ. ಕೆಲಸ ಎಲ್ಲಿದೆಯೋ ಕೊಳ್ಳುವವರೂ ಅಲ್ಲಿರುತ್ತಾರೆ. ಆದರೆ ಮೆಟ್ರೊವನ್ನು ನಂಬಿ ಮೊದಲೇ ಕೊಂಡವರ ತಾಳ್ಮೆಯೂ ನೆನೆಯತಕ್ಕದ್ದು. ಎರಡನೆಯ ಹಂತಕ್ಕೆ ಕೇಂದ್ರದ ಮಂಜೂರಾತಿ ದೊರೆತದ್ದು 2014ರಲ್ಲಿ. ಇಲ್ಲಿಗೆ ರೈಲು ಬಂದದ್ದು 2023ರ ಮಾರ್ಚಿನಲ್ಲಿ. ಆ ಒಂಬತ್ತು ವರ್ಷ ಪ್ರತಿಯೊಬ್ಬ ದಲ್ಲಾಳಿಯ ಬಾಯಲ್ಲೂ ರೈಲು ಓಡುತ್ತಲೇ ಇತ್ತು, ಅದರ ಬೆಲೆಯನ್ನು ಕೊಳ್ಳುವವರು ಮುಂಗಡವಾಗಿಯೇ ತೆರುತ್ತಿದ್ದರು. ಬಂದ ರೈಲಿಗೆ ಕೊಡುವ ಬೆಲೆ ಬೇರೆ, ಬರಲಿರುವ ರೈಲಿಗೆ ಕೊಡುವ ಬೆಲೆ ಬೇರೆ ಎಂಬುದನ್ನು ಗೃಹಸ್ಥರು ಅಂದು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಮಗಳಿಗೆ ಊರು ಹಿಡಿಸಿತು. ಹದಿನಾಲ್ಕನೆಯ ಅಂತಸ್ತಿನ ಮನೆಯೊಂದರಲ್ಲಿ ಕಿಟಕಿ ತೆರೆದ ಹೆಂಡತಿ ಮಾತ್ರ, “ಅಲ್ರೀ, ಎದುರಿನವರ ಗ್ವಾಡಿ ಬಿಟ್ರ ಏನೂ ಕಾಣಂಗಿಲ್ಲಲ್ಲ” ಎಂದು ಮತ್ತೆ ಮುಚ್ಚಿದರು.

ಎರಡನೆಯ ಭಾನುವಾರದ ಸರ್ಜಾಪುರ ರಸ್ತೆಯ ಪ್ರಯಾಣವೇ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಹೊಸ ಕಟ್ಟಡವೊಂದರ ಮಾರಾಟದ ಕಚೇರಿಯಲ್ಲಿ ತಣ್ಣನೆಯ ಪಾನಕ, ಗಾಜಿನ ಪೆಟ್ಟಿಗೆಯೊಳಗೆ ಅಟ್ಟದ ಮನೆಗಳ ಪುಟ್ಟ ಪ್ರತಿಕೃತಿ, ಅದರ ಸುತ್ತ ಹತ್ತಿಯಿಂದ ಮಾಡಿದ ಮರಗಳು. ಐದು ವರ್ಷದಲ್ಲಿ ಬೆಲೆ ಇಮ್ಮಡಿಯಾಗುವುದೆಂದು ಟೈ ಕಟ್ಟಿದ ಯುವಕ ಆಣೆಯಿಡುವಂತೆ ಹೇಳಿದ. ಹೊರಗೆ ಬಂದಾಗ ಗೃಹಸ್ಥರಿಗೆ ತಾಯಿಯ ಮಾತು ನೆನಪಾಯಿತು. ಅದೇ ರಸ್ತೆಯಲ್ಲಿ ತುಸು ಮುಂದೆ ಸಣ್ಣ ಅಂಗಡಿಯಲ್ಲಿ ಕುಳಿತಿದ್ದ ದಲ್ಲಾಳಿಯ ಬಳಿಗೆ ಹೋಗಿ, ಆ ಪಕ್ಕದ, ಏಳೆಂಟು ವರ್ಷ ಹಳೆಯ ಕಟ್ಟಡದಲ್ಲಿ ಬಂಧುಗಳೊಬ್ಬರ ಮನೆಯಿದೆ, ಮಾರಿಕೊಡುವಿರಾ ಎಂದು ಕೇಳಿದರು. ಸುಳ್ಳೇ ಸರಿ, ಆದರೆ ಬೇಕಾದ ಸುಳ್ಳು.

ದಲ್ಲಾಳಿಯ ಮುಖದಲ್ಲಿ ಉತ್ಸಾಹ ಮೂಡಲಿಲ್ಲ. “ಮಾಡೋಣ ಸಾರ್, ಆದ್ರೆ ಸ್ವಲ್ಪ ಟೈಮ್ ಹಿಡಿಯುತ್ತೆ. ಅದರಲ್ಲೇ ಇನ್ನೂ ಹನ್ನೊಂದು ಮನೆ ಮಾರೋಕಿದೆ. ಪಕ್ಕದಲ್ಲೇ ಹೊಸದು ಸಿಗ್ತಿರುವಾಗ ಹಳೇದನ್ನ ಯಾರು ತಗೋತಾರೆ ಹೇಳಿ?” ಎಂದ. ಕೊಳ್ಳಲು ಹೋದಾಗ ಚಿನ್ನವಾಗಿದ್ದ ಊರು ಮಾರಲು ಹೋದಾಗ ಹಿತ್ತಾಳೆಯಾಗುವುದು ಹೀಗೆ. ಇದರ ಕಾರಣ ಸರಳ. ಮನೆಯಲ್ಲಿ ಬೆಲೆ ಏರುವುದು ಭೂಮಿಗೆ. ಇಟ್ಟಿಗೆ, ಗಾರೆ, ಲಿಫ್ಟು, ಈಜುಕೊಳಗಳೆಲ್ಲ ವರ್ಷದಿಂದ ವರ್ಷಕ್ಕೆ ಹಳೆಯವಾಗುತ್ತವೆ. ಎತ್ತರದ ಕಟ್ಟಡದಲ್ಲಿ ಒಬ್ಬೊಬ್ಬರಿಗೆ ಬರುವ ಭೂಮಿಯ ಪಾಲು ಅಂಗೈಯಗಲ. ಸುತ್ತ ಖಾಲಿ ಹೊಲಗಳಿದ್ದು, ಅಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇದ್ದರೆ ಹಳೆಯ ಮನೆಗೆ ಪ್ರತಿಸ್ಪರ್ಧಿಗಳು ಮುಗಿಯುವುದಿಲ್ಲ. ಕಟ್ಟಲು ಇನ್ನು ಜಾಗವಿಲ್ಲದ ಊರಿನಲ್ಲಿಯೇ ಹಳೆಯ ಮನೆಗೆ ಮರ್ಯಾದೆ.

ಆ ರಸ್ತೆಯ ಇನ್ನೊಂದು ಸಂಗತಿಯನ್ನು ಚಹದಂಗಡಿಯ ಗೋಡೆ ಹೇಳಿತು. ಮೊಣಕಾಲಿಗಿಂತ ಮೇಲೆ, ಬಣ್ಣದ ಮೇಲೊಂದು ಕಂದು ಗೆರೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿ, ಕೋಟಿ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನು ದೇಶವೇ ಕಂಡಿತು. ನೀರಿನ ತಪ್ಪಲ್ಲ ಅದು. ಒಂದು ಕೆರೆ ತುಂಬಿ ಕೋಡಿ ಹರಿದು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಮಾಡಿದ್ದ ಸರಪಣಿಯ ಕೊಂಡಿಗಳೇ ರಾಜಕಾಲುವೆಗಳು. ಅವುಗಳ ಮೇಲೆ ಮನೆ ಕಟ್ಟಿದರೆ ನೀರು ತನ್ನ ಹಳೆಯ ವಿಳಾಸವನ್ನು ಮರೆಯುವುದಿಲ್ಲ. 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಮೊದಲ ದರ್ಜೆಯ ಕಾಲುವೆಯ ಮಧ್ಯದಿಂದ 50 ಮೀಟರು, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರು ಬಿಡಬೇಕೆಂದಿತ್ತು. ಬಿಡದವರ ಮನೆಗಳ ಗತಿ 2016ರ ಆಗಸ್ಟಿನಲ್ಲಿ ಕಾಣಿಸಿತು: ನೋಂದಣಿಯ ಪತ್ರ, ತೆರಿಗೆಯ ರಸೀತಿ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಜನ ತಮ್ಮ ಗೋಡೆಗಳು ಉರುಳುವುದನ್ನು ನೋಡಿದರು. ಆದುದರಿಂದ ಮನೆ ನೋಡುವವರು ಬಿಸಿಲಿನ ದಿನಕ್ಕಿಂತ ಮಳೆ ನಿಂತ ಮರುದಿನ ಹೋಗುವುದು ಲೇಸು.

ದಕ್ಷಿಣದ ಕನಕಪುರ ರಸ್ತೆ ಇದಕ್ಕಿಂತ ತಂಪು. ಹಸಿರು ಮಾರ್ಗ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ಒಂದು ಕಡೆ ತುರಹಳ್ಳಿಯ ಚಿಕ್ಕ ಕಾಡು; ಮುಂದೆ ಹೋದರೆ ದೇವಿಕಾರಾಣಿ ಮತ್ತು ರೋರಿಕ್ ದಂಪತಿಗಳು ಬಾಳಿದ ತಾತಗುಣಿಯ ಎಸ್ಟೇಟು. ಗೃಹಸ್ಥರಿಗೆ ಇಲ್ಲಿಯೇ ನೆಲಸೋಣವೆನಿಸಿತು. ಆದರೆ ಹೆಂಡತಿ ಬೀದಿಯ ಬದಿಯಲ್ಲಿ ನಿಂತಿದ್ದ ನೀರಿನ ಟ್ಯಾಂಕರುಗಳನ್ನು ಎಣಿಸುತ್ತಿದ್ದರು. ಒಂದು ಗಂಟೆಯಲ್ಲಿ ಒಂಬತ್ತು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಈ ರಸ್ತೆಯ ಮೂಲಕವೇ. ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪುಗಳು ನೀರನ್ನು ಮೇಲೆತ್ತಿ ನಗರಕ್ಕೆ ಕಳಿಸುತ್ತವೆ. ದೊಡ್ಡ ಕೊಳವೆ ಮನೆಯ ಮುಂದೆ ಹಾದುಹೋಗಿ, ಮನೆಯವರು ಕೊಳವೆಬಾವಿಯನ್ನು ನಂಬಿ ಬದುಕಿದ ವಿಚಿತ್ರ ಇಲ್ಲಿ ಬಹುಕಾಲ ನಡೆಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವ ಸ್ಥಿತಿ ಬಂದಿತ್ತು. ಆದರೆ ಯೋಜನೆ ಬಂದಿದೆ ಎಂಬುದಕ್ಕೂ ಈ ಬೀದಿಯ ಈ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆ ಎಂಬುದಕ್ಕೂ ಅಂತರವುಂಟು. ಹೆಂಡತಿ ನೋಡಿದ ಪ್ರತಿಯೊಂದು ಮನೆಯಲ್ಲಿಯೂ ನೀರಿನ ಮಂಡಳಿಯ ಹಿಂದಿನ ಆರು ತಿಂಗಳ ಬಿಲ್ಲು ತೋರಿಸಿರೆಂದು ಕೇಳಿದರು. ಮೂರು ಮನೆಗಳಲ್ಲಿ ಮಾತು ಬೇರೆ ಕಡೆ ತಿರುಗಿತು.

ಉತ್ತರದ ಯಲಹಂಕ ಕೆಂಪೇಗೌಡನ ಮನೆತನದ ಊರು; ಬೆಂಗಳೂರು ಹುಟ್ಟುವ ಮೊದಲೇ ಇದ್ದದ್ದು. ಗೃಹಮಂಡಳಿಯ ಉಪನಗರದ ಬೀದಿಗಳು ಅಗಲ, ಮರಗಳು ದಟ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಇಡೀ ಉತ್ತರ ದಿಕ್ಕಿನ ಬೆಲೆ ರೆಕ್ಕೆ ಕಟ್ಟಿಕೊಂಡಿತು. ಹೆಬ್ಬಾಳದ ಮೇಲುಸೇತುವೆಯನ್ನು ದಿನಕ್ಕೆರಡು ಬಾರಿ ದಾಟಬೇಕೆಂಬುದೊಂದೇ ಗೃಹಸ್ಥರನ್ನು ಹಿಂದಕ್ಕೆಳೆಯಿತು. ಅದೇ ದಿಕ್ಕಿನ ಅರ್ಕಾವತಿ ಬಡಾವಣೆಯ ಕತೆಯನ್ನು ಕೇಳಿ ಅವರು ಮೌನವಾದರು. 2004ರಲ್ಲಿ ಅಂತಿಮ ಅಧಿಸೂಚನೆಯಾದ ಬಡಾವಣೆ ಅದು, ಸರ್ಕಾರದ ಪ್ರಾಧಿಕಾರವೇ ಮಾಡಿದ್ದು. ಆದರೂ ವ್ಯಾಜ್ಯಗಳಲ್ಲಿ ಸಿಲುಕಿ, ಹಣ ಕಟ್ಟಿದ ಎಷ್ಟೋ ಮಂದಿ ನಿವೇಶನದ ಮೇಲೆ ಒಂದು ಕಲ್ಲನ್ನೂ ಇಡಲಾರದೆ ಮುದುಕರಾದರು. ಸರ್ಕಾರದ ಮುದ್ರೆ ಬೇಕು ನಿಜ; ಆ ಮುದ್ರೆಯ ಮೇಲೆ ಕಾಲವೂ ಒಮ್ಮೆ ಮುದ್ರೆಯೊತ್ತಿರಬೇಕು.

ಆಸೆಯೊಂದು ಬಂದದ್ದು ಮಾಗಡಿ ರಸ್ತೆಯ ಕಡೆಯಿಂದ. ಕಚೇರಿಯ ಸಹೋದ್ಯೋಗಿಯೊಬ್ಬರು ತೋರಿಸಿದ ನಿವೇಶನ. ಮೂವತ್ತು-ನಲವತ್ತರ ಅಳತೆ, ಬೇರೆಡೆಯ ಅರ್ಧ ಬೆಲೆ. ಎದುರಿಗೆ ರಾಗಿಯ ಹೊಲ, ಮೇಲೆ ಹೊಂಗೆಯ ನೆರಳು. ಮಾಳಮಡ್ಡಿಯ ಹಿತ್ತಲು ಕಣ್ಣಿಗೆ ಕಟ್ಟಿತು. ಮುಂಗಡ ಕೊಡುವ ಮುನ್ನ ಕಾಗದ ಕೇಳಿದರು. ಕೃಷಿಯ ಭೂಮಿಯನ್ನು ಪರಿವರ್ತನೆ ಮಾಡಿಸದೆ ಕೊರೆದು ಹಂಚಿದ ರೆವಿನ್ಯೂ ನಿವೇಶನ ಅದು, ಖಾತೆ ‘ಬಿ’. ತೆರಿಗೆ ವಸೂಲಿಗೆಂದು ಪಾಲಿಕೆ ಇಟ್ಟ ಪ್ರತ್ಯೇಕ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಭೂಮಿಯ ದೋಷ ನಿವಾರಣೆಯಾಗುವುದಿಲ್ಲ. ಇಂಥವನ್ನು ಸಕ್ರಮಗೊಳಿಸುವ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ಕೊಟ್ಟಿತ್ತು. 2025ರ ಕೊನೆಯಲ್ಲಿ ಬಿ-ಖಾತೆಯನ್ನು ಎ-ಖಾತೆಯಾಗಿಸುವ ಬೇರೊಂದು ಯೋಜನೆಯನ್ನು ಸರ್ಕಾರ ಪ್ರಕಟಿಸಿತು. “ಇಷ್ಟರಲ್ಲೇ ಎಲ್ಲ ಸರಿಹೋಗುತ್ತೆ” ಎಂದು ಮಾರುವವನು ಹೇಳಿದ. ಸರಿಹೋದ ಮೇಲಿನ ಬೆಲೆಯನ್ನು ಅವನು ಈಗಲೇ ಕೇಳುತ್ತಿರಲಿಲ್ಲವೆಂಬುದೇ ಅನುಮಾನಕ್ಕೆ ಎಡೆಯಿತ್ತಿತು.

ಇಲ್ಲಿ ಮರುಮಾರಾಟದ ನಿಜವಾದ ಸೂತ್ರವಿದೆ. ಮನೆಯನ್ನು ಮುಂದೆ ಕೊಳ್ಳತಕ್ಕವರು ಗಂಟಿನಲ್ಲಿ ಹಣ ಕಟ್ಟಿಕೊಂಡು ಬರುವವರಲ್ಲ. ಸಾಲ ಮಾಡಿ ಬರುವವರು. ಸಾಲ ಕೊಡಬೇಕಾದ್ದು ಬ್ಯಾಂಕು; ಬ್ಯಾಂಕಿನ ಪರವಾಗಿ ಕಾಗದ ನೋಡತಕ್ಕವರು ಒಬ್ಬ ವಕೀಲರು. ಅವರು ಮೂಲ ಕ್ರಯಪತ್ರದಿಂದ ಹಿಡಿದು ಕೈ ಬದಲಿಸಿದ ಪ್ರತಿಯೊಂದು ಪತ್ರ, ಋಣಭಾರದ ಪ್ರಮಾಣಪತ್ರ, 2024ರ ಅಕ್ಟೋಬರಿನಿಂದ ನೋಂದಣಿಗೆ ಬೇಕಾದ ಇ-ಖಾತೆ, ಮಂಜೂರಾದ ನಕ್ಷೆ, ಅಟ್ಟದ ಮನೆಯಾದರೆ ಸ್ವಾಧೀನಾನುಭವ ಪತ್ರ, ಇಷ್ಟನ್ನೂ ಕೇಳುತ್ತಾರೆ. ಒಂದು ಕಾಗದ ತಪ್ಪಿದರೂ ಸಾಲವಿಲ್ಲ. ಸಾಲವಿಲ್ಲವೆಂದರೆ ನೂರು ಗಿರಾಕಿಗಳಲ್ಲಿ ತೊಂಬತ್ತು ಮಂದಿ ಬಾಗಿಲಿನಿಂದಲೇ ಹಿಂದಿರುಗುವರು. ಉಳಿದವರು ಕೇಳುವ ಬೆಲೆಗೆ ಮಾರಬೇಕು. ಗೃಹಸ್ಥರು ಹೊಂಗೆಯ ನೆರಳಿನಿಂದ ಎದ್ದು ಬಂದರು. ಹಿಂದಿರುಗಿ ನೋಡಲಿಲ್ಲವೆಂದೇನೂ ಅಲ್ಲ.

ಇಷ್ಟರಲ್ಲಿ ಆಗಸ್ಟ್ ಮುಗಿಯಿತು. ಹಳದಿ ಮಾರ್ಗ ತೆರೆದು ಬೊಮ್ಮಸಂದ್ರದ ಕಡೆಯ ಬೆಲೆ ಏರಿತೆಂಬ ಸುದ್ದಿಯೊಡನೆ ಇನ್ನೊಂದು ಸುದ್ದಿಯೂ ಬಂತು: ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಾಯಿತು. ಗೃಹಸ್ಥರು ಲೆಕ್ಕ ಹಾಕಿದರು. ಒಂದು ಕೋಟಿಯ ಮನೆಗೆ ಮುದ್ರಾಂಕ ಐದು ಲಕ್ಷ, ಅದರ ಮೇಲಿನ ಉಪಕರಗಳು ಅರುವತ್ತು ಸಾವಿರ, ನೋಂದಣಿ ಎರಡು ಲಕ್ಷ. ಒಟ್ಟು ಏಳು ಲಕ್ಷ ಅರುವತ್ತು ಸಾವಿರ, ಬೀಗದ ಕೈ ಕೊಳ್ಳುವ ಮೊದಲೇ. ದಲ್ಲಾಳಿಯ ಪಾಲು ಬೇರೆ. ಎರಡು ವರ್ಷದೊಳಗೆ ಮಾರಿದರೆ ಲಾಭವು ವರಮಾನಕ್ಕೆ ಸೇರಿ ಪೂರ್ತಿ ತೆರಿಗೆ. ಅನಂತರವಾದರೆ 2024ರ ಜುಲೈಯ ಬದಲಾವಣೆಯಂತೆ ನೂರಕ್ಕೆ ಹನ್ನೆರಡೂವರೆ. ಬೆಂಗಳೂರಿನಲ್ಲಿ ಮಾರಿದ ಎರಡು ವರ್ಷದೊಳಗೆ ಧಾರವಾಡದಲ್ಲಿ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿದರೆ, ಅದಕ್ಕೂ ವಿನಾಯಿತಿಯುಂಟೆಂದು ತಿಳಿದಾಗ ಅವರ ಮುಖ ಅರಳಿತು. ಹನ್ನೊಂದು ವರ್ಷ ತಾಳಿದರೆ ಈ ಲೆಕ್ಕಗಳು ಹೊಟ್ಟೆಗೆ ಭಾರವಾಗವು. ನಾಲ್ಕೇ ವರ್ಷಕ್ಕೆ ವರ್ಗವಾಗುವವರು ಬಾಡಿಗೆಯ ಮನೆಯಲ್ಲಿರುವುದೇ ವಾಸಿ.

ಕಡೆಗೆ ಪಶ್ಚಿಮ. ಕೆಂಗೇರಿ ಉಪನಗರ ಯಾರ ಕನಸಿನಲ್ಲಿಯೂ ಬರುವಂಥದಲ್ಲ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಭಕ್ತರು ನಂಬುವ ವೃಷಭಾವತಿ ಇಲ್ಲಿಗೆ ಬರುವಷ್ಟರಲ್ಲಿ ನಗರದ ಕೊಳೆಯನ್ನೆಲ್ಲ ಹೊತ್ತು ಕಪ್ಪಾಗಿರುತ್ತಾಳೆ. ಗಾಳಿ ತಿರುಗಿದ ಸಂಜೆ ಅವಳ ಇರವು ಮೂಗಿಗೆ ತಿಳಿಯುವುದು. ದಲ್ಲಾಳಿಗಳೂ ಇಲ್ಲಿ ಪಾನಕ ಕೊಡುವುದಿಲ್ಲ. ಆದರೆ ಬೀದಿಗಳು ಮೊದಲೇ ಗೆರೆ ಹಾಕಿದವು, ಕೊಳಾಯಿಯಲ್ಲಿ ನೀರಿದೆ, 2021ರ ಆಗಸ್ಟಿನಿಂದ ಮೆಟ್ರೊ ಇದೆ, ಎರಡು ನಿಲ್ದಾಣ ಹಿಂದಕ್ಕೆ ಹೋದರೆ ಜ್ಞಾನಭಾರತಿಯ ಮರಗಳ ನಡುವೆ ವಿಶ್ವವಿದ್ಯಾಲಯ. ಖಾಲಿ ನಿವೇಶನಗಳು ಬೆರಳೆಣಿಕೆಯಷ್ಟು. ಮಾರಾಟದ ಫಲಕಗಳು ಕೆಲವೇ, ಅವೂ ಬಿಸಿಲಿಗೆ ಬಣ್ಣಗೆಟ್ಟವಲ್ಲ.

ಮೊದಲು ನೋಡಿದ ಮನೆ ದಕ್ಷಿಣಾಭಿಮುಖ, ಮೇಲಾಗಿ ಎದುರಿನ ಬೀದಿ ನೇರವಾಗಿ ಬಂದು ಬಾಗಿಲಿಗೇ ನಿಲ್ಲುವಂಥದು. ಅದಕ್ಕೆಂದೇ ಬೆಲೆ ನಾಲ್ಕು ಲಕ್ಷ ಕಡಮೆ. ವಾಸ್ತುವಿನಲ್ಲಿ ನಂಬಿಕೆಯಿಲ್ಲದ ಗೃಹಸ್ಥರಿಗೆ ಇದು ಲಾಭವೆಂದೇ ತೋರಿತು. ತಾಯಿ ಗೇಟಿನ ಬಳಿಯೇ ನಿಂತು, “ನೀ ನಂಬಬ್ಯಾಡಪಾ. ನಿನ್ನ ಕಡಿಂದ ತಗೊಳ್ಳಾಂವ ನಂಬತಾನಲ್ಲ” ಎಂದರು. ಅದಕ್ಕೆ ಯಾವ ತರ್ಕಶಾಸ್ತ್ರದಲ್ಲಿಯೂ ಉತ್ತರವಿರಲಿಲ್ಲ.

ಎರಡು ಬೀದಿ ಆಚೆ ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಇಪ್ಪತ್ತು ವರ್ಷ ಹಳೆಯ ಮನೆ, ಪೂರ್ವಕ್ಕೆ ಬಾಗಿಲು. ಕೆಳಗೆ ಎರಡು ಕೋಣೆ, ಮೇಲೆ ಒಂದು. ಮಾಳಿಗೆಯ ಮೂಲೆಯಲ್ಲಿ ಸೋರಿದ ಗುರುತು. ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿನಷ್ಟು. ಮಗಳು ಮುಖ ಸಿಂಡರಿಸಿದಳು. ಹೆಂಡತಿ ನೀರಿನ ಬಿಲ್ಲು ನೋಡಿ ತಲೆಯಾಡಿಸಿದರು. ಮನೆಯೊಡೆಯರು ನಿವೃತ್ತ ಮೇಷ್ಟ್ರು; ಮೈಸೂರಿನಲ್ಲಿರುವ ಮಗನ ಬಳಿಗೆ ಹೊರಟಿದ್ದವರು. ಮೂಲ ಕ್ರಯಪತ್ರದಿಂದ ಹಿಡಿದು ಎಲ್ಲವನ್ನೂ ಒಂದು ಹಳದಿ ಬಟ್ಟೆಯ ಚೀಲದಲ್ಲಿ ವರುಷವಾರು ಕಟ್ಟಿಟ್ಟಿದ್ದರು. ಗೃಹಸ್ಥರು ಬೆಲೆಯ ಮಾತೆತ್ತುವ ಮುನ್ನ ಒಂದೇ ಪ್ರಶ್ನೆ ಕೇಳಿದರು: ಮಾರುವ ಫಲಕ ಹಾಕಿ ಎಷ್ಟು ದಿನವಾಯಿತು?

“ಇವತ್ತಿಗೆ ಹದಿನೆಂಟು ದಿನ. ನೀವು ಏಳನೆಯವರು ಸ್ವಾಮಿ” ಎಂದು ಮೇಷ್ಟ್ರು ತುಸು ಬಿಗುವಿನಿಂದಲೇ ಹೇಳಿ, “ಇಬ್ಬರು ಬ್ಯಾಂಕಿಗೆ ನಕಲು ಪ್ರತಿ ತೊಗೊಂಡು ಹೋಗಿದ್ದಾರೆ” ಎಂದರು.

ಗೃಹಸ್ಥರು ತಾಯಿಯ ಕಡೆ ನೋಡಿದರು. ಆಕೆ ಆಗಲೇ ಒಳಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೇಣಗಲ ಮಣ್ಣಿನಲ್ಲಿ ಪೇರಲದ ಸಸಿಯೊಂದು ಹಿಡಿದೀತೇ ಎಂದು ಬೆರಳಿನಿಂದ ಕೆದಕಿ ನೋಡುತ್ತಿದ್ದರು.